ಪ್ಯಾಂಕ್ರಿಯಾಸ್ ಕ್ಯಾನ್ಸರ್: ಸಕ್ಕರೆ ಬಿಟ್ಟರೆ ಸಾಕಾ?

ಗೆಳೆಯರೇ, 'ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಸಾಯುತ್ತದೆ' ಅನ್ನೋ ಮೆಸೇಜನ್ನು ದಯವಿಟ್ಟು ಇಲ್ಲಿ ಫಾರ್ವರ್ಡ್ ಮಾಡಬೇಡಿ. ಕ್ಯಾನ್ಸರ್ ಕೋಶಗಳು ಗ್ಲೂಕೋಸ್ ಜಾಸ್ತಿ ಎಳೆದುಕೊಳ್ಳುವುದು ನಿಜ. 1920ರ ದಶಕದಲ್ಲೇ ಜರ್ಮನಿಯ ವಿಜ್ಞಾನಿ ಆಟೋ ವಾರ್ಬರ್ಗ್ ಇದನ್ನು ಗಮನಿಸಿದ್ದರು. ಆದರೆ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಕ್ಯಾನ್ಸರ್ ಅಷ್ಟು ಸರಳ ಅಲ್ಲ. ಶೇ 90ರಷ್ಟು ರೋಗಿಗಳ ಗಡ್ಡೆಯಲ್ಲಿ ಕೆರಾಸ್ (KRAS) ಎಂಬ ಜೀನ್ ಕೆಟ್ಟಿರುತ್ತದೆ. ಕೋಶ ಆಹಾರ ಪಡೆಯುವ ರೀತಿಯನ್ನೇ ಅದು ಬದಲಿಸುತ್ತದೆ. ಗಡ್ಡೆಯೊಳಗೆ ರಕ್ತ ಸರಿಯಾಗಿ ಹರಿಯದಿದ್ದರೂ ಕೋಶ ಸುಮ್ನೆ ಕೂರುವುದಿಲ್ಲ. ಹೊರಪೊರೆಯನ್ನು ಒಳಕ್ಕೆ ಮಡಚಿ ಸುತ್ತಲಿನ ದ್ರವವನ್ನು ನುಂಗುತ್ತದೆ, ಅದರಲ್ಲಿರುವ ಅಲ್ಬುಮಿನ್ ಎಂಬ ಪ್ರೋಟೀನನ್ನು ಒಡೆದು ಅಮೈನೋ ಆಮ್ಲ (ಪ್ರೋಟೀನಿನ ಬಿಡಿಭಾಗ) ಮಾಡಿಕೊಳ್ಳುತ್ತದೆ. ತನ್ನದೇ ಹಳೆಯ ಭಾಗಗಳನ್ನೂ ಕರಗಿಸಿ ಬಳಸುತ್ತದೆ. ಪಕ್ಕದಲ್ಲಿರುವ, ಕ್ಯಾನ್ಸರ್ ಅಲ್ಲದ ಸ್ಟೆಲ್ಲೇಟ್ ಎಂಬ ಕೋಶಗಳು ಬಿಡುವ ಅಲನಿನ್ ಎಂಬ ಅಮೈನೋ ಆಮ್ಲ ಕೂಡ ಅದಕ್ಕೆ ಆಹಾರವೇ. ಈ ಕಾಯಿಲೆಯಲ್ಲಿ ರೋಗಿಯ ತೂಕ ಇಳಿಯುವುದೇ ದೊಡ್ಡ ಕಷ್ಟ, ಅಲ್ವಾ? ಅಂಥವರಿಗೆ ಊಟ ಬಿಡಿಸಬೇಡಿ, ಪಥ್ಯದ ಬಗ್ಗೆ ಡಾಕ್ಟರನ್ನೇ ಕೇಳಿ.