ಹಪ್ಪಳ ನಿಲ್ಲುತ್ತಿದೆ, ಸಾರಿನ ಪುಡಿ ಇರುತ್ತದೆ

ಹಾಸನ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಮೊದಲು ವಿಷಯ, ಆಮೇಲೆ ಕಾರಣ. ಈ ಬೇಸಿಗೆಯಿಂದ ನಮ್ಮಲ್ಲಿ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಇರುವುದಿಲ್ಲ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ರಾಗಿ ಹುರಿಹಿಟ್ಟು ಇರುತ್ತವೆ. ಆದರೆ ಬೇಕೆಂದಾಗ ಅಲ್ಲ, ಹದಿನೈದು ದಿನಕ್ಕೊಮ್ಮೆ ಮಾಡುತ್ತೇವೆ. ಮನೆ ಮುಂದಿನ ಅಂಗಡಿ ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ಮಾತ್ರ. ಸಂಜೆ ಪೂರ್ತಿ ಬಂದ್. ಸಾರಿನ ಪುಡಿ, ಹುಳಿಪುಡಿ ಎರಡಕ್ಕೂ ಕಾಲು ಕೆಜಿಗೆ 15 ರೂಪಾಯಿ ಜಾಸ್ತಿಯಾಗುತ್ತದೆ.

ಸಂಜೆ ಬಂದು ಬಾಗಿಲು ಹಾಕಿದ್ದು ನೋಡಿ, "ಅಂಗಡಿ ಮುಚ್ಚಿಬಿಟ್ರಾ?" ಎಂದು ಕೆಲವರು ಪಕ್ಕದ ಮನೆಯಲ್ಲಿ ವಿಚಾರಿಸಿದ್ದೀರಿ. ಮುಚ್ಚಿಲ್ಲ. ಮುಚ್ಚಬಾರದು ಅಂತಲೇ ಇಷ್ಟೆಲ್ಲ ಬದಲಾವಣೆ.

ಅತ್ತೆಯವರಿಗೆ ಮರೆವಿನ ಕಾಯಿಲೆ. ಡಾಕ್ಟರು ಡಿಮೆನ್ಷಿಯಾ ಅನ್ನುತ್ತಾರೆ. ಈ ವ್ಯಾಪಾರ ಶುರು ಮಾಡಿದ್ದೇ ಅವರು. ನಾನು ಸೊಸೆಯಾಗಿ ಬಂದಾಗ ಬೀದಿಯ ನಾಲ್ಕು ಮನೆಗೆ ಸಾರಿನ ಪುಡಿ ಮಾಡಿಕೊಡುತ್ತಿದ್ದರು. ಹಳೆ ಗಿರಾಕಿಗಳಿಗೆ ನನಗಿಂತ ಅವರದೇ ಪರಿಚಯ ಜಾಸ್ತಿ. ಹಾಗಾಗಿ ಮುಚ್ಚುಮರೆ ಮಾಡದೆ ಬರೆಯುತ್ತಿದ್ದೇನೆ.

ಮೊದಮೊದಲು ವಯಸ್ಸಾಯಿತಲ್ಲ, ಮರೆಯುತ್ತಾರೆ ಅಂದುಕೊಂಡೆವು. ಎಲ್ಲರ ಮನೆಯಲ್ಲೂ ಹಾಗೇ ಅಂದುಕೊಳ್ಳುತ್ತಾರೆ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು ಬೇರೆ. ಜೀವನವಿಡೀ ಹುರಿದ ಮೆಂತ್ಯವನ್ನು ಎಲ್ಲಿಗೆ ನಿಲ್ಲಿಸಬೇಕು ಅಂತ ತಿಳಿಯದೆ ಬಾಂಡ್ಲಿ ಮುಂದೆ ಸೌಟು ಹಿಡಿದು ನಿಲ್ಲುವುದು ಬೇರೆ. ನಿಮ್ಮ ಮನೆಯ ಹಿರಿಯರಲ್ಲಿ ಇಂಥದ್ದು ಕಂಡರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಡಿ. ಥೈರಾಯ್ಡ್ ಕಮ್ಮಿಯಾದರೂ, ವಿಟಮಿನ್ ಬಿ12 ಕಮ್ಮಿಯಾದರೂ ಮರೆವು ಬರುತ್ತದೆ. ಅದಕ್ಕೆ ಔಷಧಿ ಇದೆ. ಡಾಕ್ಟರು ಮೊದಲು ರಕ್ತ ಪರೀಕ್ಷೆಗೆ ಬರೆಯುವುದು ಅದಕ್ಕೇ. ನಮ್ಮ ಅತ್ತೆಯವರದು ಅಂಥದ್ದಲ್ಲ. ಮಾತ್ರೆ ಇದೆ, ಸ್ವಲ್ಪ ಹಿಡಿದಿಡುತ್ತದೆ. ಹೋಗಿದ್ದನ್ನು ವಾಪಸ್ ತರುವುದಿಲ್ಲ.

ಈ ಕಾಯಿಲೆಯಲ್ಲಿ ಹೊತ್ತು ಇಳಿದ ಮೇಲೆ ಗಲಿಬಿಲಿ ಜಾಸ್ತಿ. ಬೆಳಿಗ್ಗೆ ಚೆನ್ನಾಗಿಯೇ ಮಾತಾಡುತ್ತಾರೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಸೆರಗು ಸರಿಮಾಡಿಕೊಂಡು, "ಮನೆಗೆ ಹೋಗ್ತೀನಿ, ಅಪ್ಪ ಕಾಯ್ತಿರ್ತಾರೆ" ಅಂತ ಬಾಗಿಲಿಗೆ ಬರುತ್ತಾರೆ. ಅವರ ಅಪ್ಪ ಹೋಗಿ ಎಷ್ಟೋ ಕಾಲವಾಯಿತು. ಹಾಗಂತ ಹೇಳಿದರೆ ಆ ಸಾವು ಅವರಿಗೆ ಇವತ್ತೇ ಆದಂತೆ, ಕೂತು ಅಳುತ್ತಾರೆ. ಅದಕ್ಕೇ ಹೇಳುವುದಿಲ್ಲ. "ಕಾಫಿ ಕುಡಿದು ಹೊರಡೋಣ, ಬನ್ನಿ" ಅಂತ ಒಳಗೆ ಕರೆದುಕೊಂಡು ಹೋಗಬೇಕು, ಜೊತೆಗೆ ಕೂರಬೇಕು. ಅದೇ ಹೊತ್ತಿಗೆ ಅಂಗಡಿಯಲ್ಲಿ ತೂಕ ಹಾಕಿ ಚಿಲ್ಲರೆ ಕೊಡುವುದು ಆಗದ ಮಾತು. ಸಂಜೆ ವ್ಯಾಪಾರವೇ ಜಾಸ್ತಿ ಅಂತ ನನಗೂ ಗೊತ್ತು. ಆದರೂ ಬಾಗಿಲು ಹಾಕಿದ್ದೇವೆ. ಆಫೀಸು ಮುಗಿಸಿ ಬರುವವರಿಗೆ ಏನು ದಾರಿ ಅಂತ ಕೆಳಗೆ ಬರೆದಿದ್ದೇನೆ.

ಹಪ್ಪಳ, ಸಂಡಿಗೆ ನಿಲ್ಲಿಸಿದ್ದು ತಾರಸಿಯ ಕಾರಣಕ್ಕೆ. ಬೆಳಗಿನ ಜಾವ ಎದ್ದು ಹಿಟ್ಟು ಬೇಯಿಸಿ, ಬಿಸಿಲು ಏರುವುದರೊಳಗೆ ಬಟ್ಟೆ ಮೇಲೆ ಸಂಡಿಗೆ ಬಿಟ್ಟು ಮುಗಿಸಬೇಕು. ಆಮೇಲೆ ಕಾಗೆ ಕಾಯಬೇಕು, ಮಗುಚಿ ಹಾಕಬೇಕು. ಏಪ್ರಿಲ್ ಬಂದರೆ ಹಾಸನದ ಮಧ್ಯಾಹ್ನ ನಿಮಗೆ ಗೊತ್ತೇ ಇದೆ. ಮೂರು ಗಂಟೆಗೆ ಸುಡು ಬಿಸಿಲು, ನಾಲ್ಕಕ್ಕೆ ಮೋಡ, ಐದಕ್ಕೆ ಮಳೆ. ಹೋದ ವರ್ಷದವರೆಗೆ ಮೊರ, ಬಟ್ಟೆ ಎಲ್ಲ ಎತ್ತಿಕೊಂಡು ಓಡಲು ಮಗ ಇದ್ದ. ಈಗ ಓದಲು ಬೆಂಗಳೂರಿಗೆ ಹೋಗಿದ್ದಾನೆ. ಯಜಮಾನರದು ಶಿಫ್ಟ್ ಕೆಲಸ. ನಾನು ಮೇಲಿದ್ದರೆ ಅತ್ತೆ ಹಿಂದೆಯೇ ಮೆಟ್ಟಿಲು ಹತ್ತುತ್ತಾರೆ. ನಮ್ಮ ತಾರಸಿಯ ಗೋಡೆ ಗಿಡ್ಡ.

(ಆಲೂಗಡ್ಡೆ ಸಂಡಿಗೆ ಕೇಳುವವರಿಗೆ ಒಂದು ಮಾತು. ಅದು ಹಾಸನದ ಆಲೂಗಡ್ಡೆಯದು ಅಂತ ಬಹಳ ಜನ ಅಂದುಕೊಂಡಿದ್ದೀರಿ. ನಮ್ಮ ಜಿಲ್ಲೆಯ ಬೆಳೆ ಮುಂಗಾರಿನದು. ಗಡ್ಡೆ ಕೀಳುವಾಗ ಸಂಡಿಗೆ ಒಣಗುವ ಬಿಸಿಲೇ ಇರುವುದಿಲ್ಲ. ಬೇಸಿಗೆಯಲ್ಲಿ ಮಾಡುತ್ತಿದ್ದದ್ದು ಮಂಡಿಗೆ ಹೊರಗಿನಿಂದ ಬರುವ ಆಲೂಗಡ್ಡೆಯಲ್ಲಿ.)

ಬೇರೆ ಕಡೆಯಿಂದ ಹಪ್ಪಳ ತರಿಸಿ ನಮ್ಮ ಲೇಬಲ್ ಅಂಟಿಸಿ ಮಾರಿ ಅಂತ ಹಿತೈಷಿಗಳೇ ಹೇಳಿದರು. ಲಾಭ ಇದೆ, ಕೆಲಸ ಕಮ್ಮಿ. ಆದರೆ ನೀವು ದುಡ್ಡು ಕೊಡುವುದು ನಮ್ಮ ಕೈಯ ಕೆಲಸಕ್ಕೆ. ಲೇಬಲ್ಲಿಗಲ್ಲ, ಅಲ್ವಾ? ಮನೆಗೆ ನರ್ಸ್ ಇಟ್ಟುಕೊಳ್ಳಿ ಅನ್ನುವವರೂ ಇದ್ದಾರೆ. ಮುಂದೆ ಬೇಕಾಗಬಹುದು. ಸದ್ಯಕ್ಕೆ ಹೊಸ ಮುಖ ಕಂಡರೆ ಅತ್ತೆ ಊಟವನ್ನೇ ಬಿಡುತ್ತಾರೆ. ಹಾಗಾಗಿ ಮನೆಯ ಹೊತ್ತಿಗೆ ಅಂಗಡಿಯನ್ನು ಹೊಂದಿಸಿದೆವು.

ಹದಿನೈದು ದಿನದ ಲೆಕ್ಕ ಬಂದಿದ್ದು ನಾದಿನಿಯಿಂದ. ಅರಸೀಕೆರೆಯಿಂದ ರೈಲಿಗೆ ಬಂದು ಅವರಮ್ಮನ ಜೊತೆ ಸೋಮವಾರ, ಮಂಗಳವಾರ ಇರುತ್ತಾರೆ. ಬರುವಾಗ ಚಟ್ನಿಪುಡಿಗೆ ಕೊಬ್ಬರಿಯನ್ನೂ ತರುತ್ತಾರೆ, ಅದು ನಮಗೆ ಲಾಭ. ಆ ಎರಡು ದಿನ ನಾನು ಮತ್ತು ಕೆಲಸದ ಇಬ್ಬರು ಅಕ್ಕಂದಿರು ಹುರಿಯುವುದು, ಮಿಲ್ಲಿಗೆ ಹಾಕಿಸುವುದು ಎರಡನ್ನೂ ಮುಗಿಸುತ್ತೇವೆ. ಮಿಲ್ಲಿಂದ ಬಂದ ಪುಡಿ ಕೈಯಿಟ್ಟರೆ ಸುಡುವಷ್ಟು ಬಿಸಿ ಇರುತ್ತದೆ. ಅದನ್ನು ಹರಡಿ, ಪೂರ್ತಿ ಆರಿಸಿ, ಬುಧವಾರ ಪ್ಯಾಕ್ ಮಾಡುತ್ತೇವೆ. ಬಿಸಿಯಲ್ಲೇ ತುಂಬಿದರೆ ಒಳಗೆ ಬೆವರಿ ಗಂಟು ಕಟ್ಟುತ್ತದೆ. ಹದಿನೈದು ದಿನಕ್ಕೊಮ್ಮೆ ಮಾಡಿದರೆ ರುಚಿ ಕೆಡುತ್ತದಾ ಎಂದು ಕೇಳಿದ್ದೀರಿ. ಸಾರಿನ ಪುಡಿ, ಹುಳಿಪುಡಿಗೆ ಏನೂ ಆಗುವುದಿಲ್ಲ. ಒಣಗಿದ ಡಬ್ಬಿ, ಒಣಗಿದ ಚಮಚ ಇರಲಿ. ಒಲೆ ಪಕ್ಕದಲ್ಲಿ ಇಡಬೇಡಿ, ಅಷ್ಟೇ. ಚಟ್ನಿಪುಡಿ ಮಾತ್ರ ಬೇರೆ. ಕೊಬ್ಬರಿ ಇರುವುದರಿಂದ ಬೇಗ ಕಮಟು ವಾಸನೆ ಬರುತ್ತದೆ. ಅದಕ್ಕೇ ಇನ್ನು ಮುಂದೆ ಅದನ್ನು 100 ಗ್ರಾಂ ಪ್ಯಾಕೆಟ್ಟಿನಲ್ಲಿ ಮಾತ್ರ ಕೊಡುತ್ತೇವೆ.

ಅಳತೆ ಹಳೆಯದೇ. ಅತ್ತೆಯವರು ಪಾವು, ಸೇರಿನಲ್ಲಿ ಹೇಳುತ್ತಿದ್ದರು, ಎಷ್ಟೋ ಸಲ ಬರೀ ಬೊಗಸೆಯಲ್ಲಿ. ಅವರು ಹಾಕುತ್ತಿದ್ದಾಗಲೇ ಒಂದೊಂದನ್ನೂ ತಕ್ಕಡಿಗೆ ಇಟ್ಟು ಗ್ರಾಂನಲ್ಲಿ ಬರೆದುಕೊಂಡೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು, ಎರಡರ ಪಾಲೂ ಅದೇ.

ಬೆಲೆ ಏರಿಸುವಾಗ ಮೆಣಸಿನಕಾಯಿ ರೇಟಿನ ಮೇಲೆ ಹಾಕುವುದು ಸುಲಭ, ಎಲ್ಲರೂ ನಂಬುತ್ತಾರೆ. ನಮ್ಮ ಕಾರಣ ಅದಲ್ಲ. ನಾನೇ ಮಾಡುತ್ತಿದ್ದ ಕೆಲಸದ ಅರ್ಧ ಈಗ ಆ ಇಬ್ಬರು ಅಕ್ಕಂದಿರು ಮಾಡುತ್ತಾರೆ. ಅವರ ಕೂಲಿ ಜಾಸ್ತಿ ಮಾಡಿದ್ದೇವೆ. ಆ 15 ರೂಪಾಯಿ ಅಲ್ಲಿಗೆ ಹೋಗುತ್ತದೆ.

ಪ್ಯಾಕೆಟ್ ಮೇಲೆ ಇನ್ನು ನನ್ನ ಹೆಸರು ಇರುತ್ತದೆ. ವ್ಯಾಪಾರ ಅತ್ತೆಯವರ ಹೆಸರಿನಲ್ಲಿತ್ತು. ಅವರಿಗೆ ಓದಿ ಅರ್ಥಮಾಡಿಕೊಂಡು ಸಹಿ ಹಾಕಲು ಆಗುತ್ತಿದ್ದಾಗಲೇ ಕಾಗದಪತ್ರ ಬದಲಾಯಿಸಿದೆವು. ಎಫ್‌ಎಸ್‌ಎಸ್‌ಎಐ (ಆಹಾರ ಮಾರುವವರಿಗೆ ಬೇಕಾದ ಸರ್ಕಾರಿ) ನೋಂದಣಿ ಹೊಸದಾಗಿ ಮಾಡಿಸಿದ್ದರಿಂದ 14 ಅಂಕಿಯ ನಂಬರ್ ಬೇರೆಯಾಗಿದೆ. ನಕಲಿ ಅಂತ ಗಾಬರಿಯಾಗಬೇಡಿ. ಮನೆಯ ಹಿರಿಯರ ಹೆಸರಲ್ಲಿ ವ್ಯಾಪಾರ ಇಟ್ಟುಕೊಂಡವರು ನಿಮ್ಮಲ್ಲೂ ಇದ್ದೀರಿ. ಈ ಕೆಲಸ ಮುಂದೂಡಬೇಡಿ. ಪವರ್ ಆಫ್ ಅಟಾರ್ನಿ ಇದ್ದರೆ ಸಾಕು ಅನ್ನುತ್ತಾರೆ. ಆದರೆ ಬರೆದುಕೊಟ್ಟವರ ಬುದ್ಧಿ ಸ್ಥಿಮಿತದಲ್ಲಿ ಇಲ್ಲದಿದ್ದರೆ ಅದೂ ಊರ್ಜಿತವಲ್ಲ. ಇನ್ನೊಂದು, ಸಣ್ಣ ವ್ಯಾಪಾರದವರು ಮಾಡಿಸುವ ಉದ್ಯಮ್ ನೋಂದಣಿಗೆ ಸರ್ಕಾರ ಒಂದು ರೂಪಾಯಿಯೂ ತೆಗೆದುಕೊಳ್ಳುವುದಿಲ್ಲ. ದುಡ್ಡು ಕೇಳುವ ವೆಬ್‌ಸೈಟ್ ಬಂದರೆ ಅದು ಸರ್ಕಾರದ್ದಲ್ಲ ಅಂತ ತಿಳಿಯಿರಿ.

ಸ್ಕ್ಯಾನರ್ ಕೂಡ ಬದಲಾಗಿದೆ. ಹಳೆ ಸ್ಕ್ಯಾನರಿನ ಫೋಟೊ ಫೋನಿನಲ್ಲಿ ಇಟ್ಟುಕೊಂಡವರು ದಯವಿಟ್ಟು ಅಳಿಸಿಬಿಡಿ.

ಇನ್ನು ಅತ್ತೆಯವರ ವಿಷಯಕ್ಕೆ ನಿಮ್ಮ ಸಹಾಯ ಬೇಕು. ಬೆಳಿಗ್ಗೆ ಅವರು ಅಂಗಡಿಯಲ್ಲೇ ಕೂರುತ್ತಾರೆ. ಮೊದಲು ಮೆಣಸಿನಕಾಯಿ ತೊಟ್ಟು ಬಿಡಿಸಲು ಕೊಡುತ್ತಿದ್ದೆವು. ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳಲು ಶುರು ಮಾಡಿದ ಮೇಲೆ ನಿಲ್ಲಿಸಿದೆವು. ಈಗ ಕೊತ್ತಂಬರಿ ಬೀಜ ಆರಿಸುತ್ತಾರೆ. ಬೆರಳಿಗೆ ಇನ್ನೂ ಎಲ್ಲ ನೆನಪಿದೆ. ಕಡ್ಡಿ, ಕಲ್ಲು ಒಂದೂ ತಪ್ಪುವುದಿಲ್ಲ. ಮೊರ ಖಾಲಿಯಾದರೆ "ಮುಂದೇನು?" ಅಂತ ಚಡಪಡಿಸುತ್ತಾರೆ. ಆಗ ಒಳಗೆ ಹೋಗಿ ಆರಿಸಿದ್ದಕ್ಕೇ ನಾಲ್ಕು ಕಡ್ಡಿ ಬೆರೆಸಿ ಮತ್ತೆ ತಂದಿಡುತ್ತೇವೆ. ಆ ಬೀಜ ಅವರಿಗೇ ಮೀಸಲು, ನಿಮ್ಮ ಪುಡಿಗೆ ಬರುವುದಿಲ್ಲ.

ಬಂದವರು ದಯವಿಟ್ಟು "ನಾನ್ಯಾರು ಹೇಳಿ ನೋಡೋಣ?" ಅಂತ ಕೇಳಬೇಡಿ. ನೀವು ಪ್ರೀತಿಯಿಂದಲೇ ಕೇಳುತ್ತೀರಿ, ಗೊತ್ತು. ಅವರಿಗೆ ಅದು ಪರೀಕ್ಷೆ. ಉತ್ತರ ಹೊಳೆಯದಿದ್ದರೆ ಮುಖ ಬಾಡುತ್ತದೆ, ಆ ದಿನ ಪೂರ್ತಿ ಹಾಗೇ ಇರುತ್ತಾರೆ. ನೀವೇ ಹೆಸರು ಹೇಳಿಬಿಡಿ: "ಅಮ್ಮ, ನಾನು ಮೂಲೆಮನೆ ಟೀಚರ್, ಸಾರಿನ ಪುಡಿಗೆ ಬಂದೆ." ಅಷ್ಟು ಸಾಕು. ಸಾರಿನ ಪುಡಿ ಕೆಜಿಗೆ 40 ರೂಪಾಯಿ ಅಂತ ಹೇಳಿದರೆ ಹೂಂ ಅನ್ನಿ. ಬಿಲ್ ನಾನು ಮಾಡುತ್ತೇನೆ. ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರೆ ಮೊದಲ ಸಲ ಕೇಳಿದಂತೆಯೇ ಉತ್ತರ ಕೊಡಿ. "ಆಗಲೇ ಹೇಳಿದ್ನಲ್ಲ" ಅನ್ನಬೇಡಿ. ಹೊಸ ವಿಷಯ ಉಳಿಯುವುದಿಲ್ಲ, ಹಳೆಯದು ಗಟ್ಟಿಯಾಗಿದೆ. ಹಳೆ ಜಾತ್ರೆ, ಹಳೆ ಮಳೆ, ಯಾರದೋ ಮದುವೆ ತೆಗೆದರೆ ನಿಮಗೇ ಕಥೆ ಹೇಳುತ್ತಾರೆ. ಬೀದಿಯಲ್ಲಿ ಒಬ್ಬರೇ ನಡೆದು ಹೋಗುತ್ತಿರುವುದು ಕಂಡರೆ ತಡೆಯಬೇಡಿ, ಗದರಬೇಡಿ. ಜೊತೆಗೆ ನಡೆಯುತ್ತಾ ನನಗೊಂದು ಫೋನ್ ಮಾಡಿ. ಪ್ಯಾಕೆಟ್ ಮೇಲಿನ ನಂಬರೇ ಸಾಕು.

ಇದೇ ದಾರಿಯಲ್ಲಿ ಇರುವವರಿಗೆ: ಹಿರಿಯರ ವಿಷಯಕ್ಕೆ ಸಹಾಯವಾಣಿ 14567 ಇದೆ. ನೋಡಿಕೊಳ್ಳುವವರಿಗೇ ತಲೆ ಕೆಟ್ಟುಹೋದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಈಗ ಆರ್ಡರ್ ಹೇಗೆ ಅಂತ. ಶನಿವಾರ ರಾತ್ರಿಯೊಳಗೆ ವಾಟ್ಸಾಪ್‌ನಲ್ಲಿ ಏನು, ಎಷ್ಟು ಅಂತ ಬರೆಯಿರಿ. ಫೋನ್ ಮಾಡಿದರೆ ಎತ್ತುತ್ತೇನೆಂಬ ಖಾತ್ರಿ ಇಲ್ಲ, ಮೆಸೇಜ್ ಮಾತ್ರ ರಾತ್ರಿ ಖಂಡಿತ ನೋಡುತ್ತೇನೆ. ಗುರುವಾರದಿಂದ ಪ್ಯಾಕೆಟ್ ಸಿದ್ಧ. ಬೆಳಿಗ್ಗೆ ಬರಲಾಗದವರ ಪ್ಯಾಕೆಟ್ಟನ್ನು ಹೆಸರು ಬರೆದು ಎದುರಿನ ಹಾಲಿನ ಅಂಗಡಿಯಲ್ಲಿ ಇಟ್ಟಿರುತ್ತೇವೆ. ರಾತ್ರಿ 8ರವರೆಗೆ ತೆಗೆದುಕೊಂಡು ಹೋಗಬಹುದು. ಆ ಅಣ್ಣ ಇದಕ್ಕೆ ಏನೂ ತೆಗೆದುಕೊಳ್ಳುತ್ತಿಲ್ಲ, ಹಾಲು ಅವರಲ್ಲೇ ಕೊಳ್ಳಿ. ಬೆಂಗಳೂರು, ಮೈಸೂರಿನವರಿಗೆ ಹಿಂದಿನಂತೆಯೇ ಸ್ಪೀಡ್ ಪೋಸ್ಟ್.

ಅಡುಗೆ ಕಾಂಟ್ರಾಕ್ಟ್‌ನವರ ದೊಡ್ಡ ಆರ್ಡರ್ ಸದ್ಯಕ್ಕೆ ತೆಗೆದುಕೊಳ್ಳುತ್ತಿಲ್ಲ. ಮದುವೆಗೆ 5 ಕೆಜಿವರೆಗೆ ಆಗುತ್ತದೆ, ತಿಂಗಳು ಮುಂಚೆ ಹೇಳಿ.

ಹಾಸನಾಂಬೆಯ ಸಮಯಕ್ಕೆ ನೆಂಟರು ಬಂದು, ಹೋಗುವಾಗ ಪುಡಿ ಕೇಳುತ್ತಾರೆ ಅಂತ ಪ್ರತಿ ವರ್ಷ ಕಡೇ ಗಳಿಗೆಯಲ್ಲಿ ಓಡಿ ಬರುತ್ತೀರಿ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಗುಡಿ ಬಾಗಿಲು ತೆಗೆಯುತ್ತಾರೆ, ದೀಪಾವಳಿ ಮುಗಿಯುವವರೆಗೆ ಊರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ಗದ್ದಲಕ್ಕೆ ಅತ್ತೆ ಇನ್ನಷ್ಟು ಕಂಗೆಡುತ್ತಾರೆ. ಹಾಗಾಗಿ ಆ ದಿನಗಳಲ್ಲಿ ಹುರಿಯುವುದಿಲ್ಲ, ಅಂಗಡಿಯೂ ಇಲ್ಲ. ನೆಂಟರಿಗೆ ಬೇಕಾದದ್ದನ್ನು ಮಹಾಲಯ ಅಮಾವಾಸ್ಯೆಯೊಳಗೆ ಹೇಳಿಬಿಡಿ.

ಹೋದ ಬೇಸಿಗೆಯ ಉದ್ದಿನ ಹಪ್ಪಳ ಒಂದಿಷ್ಟು ಉಳಿದಿದೆ. ಮನೆಗೆ ಒಂದು ಕಟ್ಟಿನಂತೆ ಕೊಡುತ್ತೇವೆ, ಹಳೆ ಬೆಲೆಗೇ. ಬೇಕಾದವರು ಈ ವಾರ ಬೆಳಿಗ್ಗೆ ಬನ್ನಿ.

ನಿಮ್ಮ,
ಸಾರಿನ ಪುಡಿ ಮನೆಯವರು
ಹಾಸನ