ಗುಡಿಗೂ ಹೊಟ್ಟೆ ಇರ್ತದೇನು?

ಪ್ರೀತಿಯ ದೋಸ್ತ,

ನಿನ್ನ ಮಗಳ ಪ್ರಶ್ನೆ ಓದಿ ನಗು ತಡೆಯಲಿಲ್ಲ. 'ಗುಡಿ ಜೀರ್ಣೋದ್ಧಾರ ಅಂತ ಬೋರ್ಡ್ ಹಾಕ್ಯಾರ, ಗುಡಿಗೂ ಹೊಟ್ಟೆ ಇರ್ತದೇನು?' ಅಂದಳಂತಲ್ಲ, ತಮಾಷೆ ಅಂತ ಸುಮ್ನೆ ಬಿಡಬೇಡ. ಹುಡುಗಿ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ.

ಜೀರ್ಣ ಅಂದರೆ ಮೊದಲಿಗೆ ಹಳತಾದದ್ದು, ಸವೆದದ್ದು. ಮುಪ್ಪಿಗೆ ಜರಾ ಅಂತಾರಲ್ಲ, ಅದೇ ಬೇರು. ಹಳೇ ಗೋಡೆಯೂ ಜೀರ್ಣ, ಉಂಡ ರೊಟ್ಟಿಯೂ ಜೀರ್ಣ. ಗೋಡೆಗಾದರೆ ಉದ್ಧಾರ ಉಂಟು, ರೊಟ್ಟಿಗೆ ಆ ಭಾಗ್ಯ ಇಲ್ಲ! ಅವಳಿಗೆ ವಾತಾಪಿ ಕಥೆ ಹೇಳು. ಟಗರಿನ ಅಡುಗೆಯಾಗಿ ಅತಿಥಿಯ ಹೊಟ್ಟೆ ಸೇರಿ, ಅಣ್ಣ ಇಲ್ವಲ ಕೂಗಿದಾಗ ಹೊಟ್ಟೆ ಸೀಳಿ ಬರುವ ರಾಕ್ಷಸ. ಅಗಸ್ತ್ಯರ ಮುಂದೆ ಆಟ ನಡೀಲಿಲ್ಲ. 'ವಾತಾಪಿ ಜೀರ್ಣೋ ಭವ' ಅಂದರು, ಮುಗೀತು.

ಪಚನ ಅನ್ನುವವರಿಗೆ ಹೊಟ್ಟೆಯೇ ಒಲೆ. ಪಚನ ಅಂದರೆ ಬೇಯಿಸೋದು, ಒಳಗಿನ ಬೆಂಕಿ ಜಠರಾಗ್ನಿ. ಗ್ರೀಕರೂ ಹಾಗೇ ಅಂದುಕೊಂಡಿದ್ದರು. ಅವರ ಪೆಪ್ಸಿಸ್ ಅನ್ನೋ ಮಾತಿಗೆ ಬೇಯೋದು, ಜೀರ್ಣವಾಗೋದು ಎರಡೂ ಅರ್ಥ. ಹೊಟ್ಟೆಯ ರಸದಲ್ಲಿದ್ದು ಆಹಾರ ಅರಗಿಸುವ ಪೆಪ್ಸಿನ್‌ಗೆ 1836ರಲ್ಲಿ ಜರ್ಮನಿಯ ವಿಜ್ಞಾನಿ ಥಿಯೋಡರ್ ಶ್ವಾನ್ ಆ ಹೆಸರಿಟ್ಟದ್ದು ಅದರಿಂದಲೇ. ಇಂಗ್ಲಿಷಿನ ಡೈಜೆಶನ್ ಮಾತ್ರ ಗುಮಾಸ್ತನ ಶಬ್ದ. ಲ್ಯಾಟಿನ್ನಿನಲ್ಲಿ ಅದರ ಮೂಲ ಅರ್ಥ ಬೇರೆ ಬೇರೆ ಮಾಡಿ ಒಪ್ಪವಾಗಿಡೋದು. ರೋಮನ್ ದೊರೆ ಜಸ್ಟಿನಿಯನ್ 533ರಲ್ಲಿ ಹೊರಡಿಸಿದ ಕಾನೂನಿನ ಸಂಗ್ರಹಕ್ಕೂ ಡೈಜೆಸ್ಟ್ ಅಂತಲೇ ಹೆಸರು. ಐವತ್ತು ಭಾಗದ ಅದನ್ನು ಅರಗಿಸಿಕೊಂಡವರು ಎಷ್ಟು ಮಂದಿಯೋ.

ನಮ್ಮ ಕಲಬುರಗಿಯಲ್ಲಿ ಇವೆಲ್ಲಕ್ಕಿಂತ ಜಾಸ್ತಿ ಓಡೋದು ಹಜಮ್. ಉಂಡದ್ದೂ ಹಜಮ್, ಚೀಟಿ ದುಡ್ಡೂ ಹಜಮ್. 'ಪೂರಾ ರೊಕ್ಕ ಹಜಮ್ ಮಾಡ್ದಾ ನೋಡ್ರಿ' ಅಂದರೆ ಸಾಕು, ಬೇರೆ ಬಿಡಿಸಿ ಹೇಳಬೇಕಿಲ್ಲ. ಉರ್ದುವಿನ ಮೂಲಕ ಬಂದ ಅರಬ್ಬಿ ಮಾತು. ಅರಬ್ಬಿಯಲ್ಲೂ ಆ ಧಾತುವಿಗೆ ಇನ್ನೊಬ್ಬರ ಹಕ್ಕು ಕಸಿಯೋದು ಅನ್ನೋ ಅರ್ಥ ಇದೆ.

ಆದರೂ ನನ್ನ ಓಟು ಅರಗು ಅನ್ನೋದಕ್ಕೆ. ಅರಗೋದು ಅಂದರೆ ಕರಗೋದು. ಹೊಟ್ಟೆ ಅರೆಯುತ್ತದೋ, ಬೇಯಿಸುತ್ತದೋ, ಕರಗಿಸುತ್ತದೋ ಅಂತ ಯುರೋಪಿನವರು ಬಹಳ ಕಾಲ ಕಿತ್ತಾಡಿದರು. 1752ರಲ್ಲಿ ಫ್ರಾನ್ಸಿನ ವಿಜ್ಞಾನಿ ರೇಯೋಮ್ಯೂರ್ ಲೋಹದ ಕೊಳವೆಯೊಳಗೆ ಮಾಂಸ ಇಟ್ಟು ಗಿಡುಗಕ್ಕೆ ನುಂಗಿಸಿದ. ಲೋಹದೊಳಗೆ ಅರೆಯೋಕೆ ಆಗಲ್ಲ ಅಲ್ವಾ? ಗಿಡುಗ ಕೊಳವೆ ಕಕ್ಕಿದಾಗ ನೋಡಿದರೆ ಮಾಂಸ ಕರಗಿತ್ತು. ಆಮೇಲೆ ಇಟಲಿಯ ಸ್ಪಲ್ಲಾಂಜಾನಿ ಬಟ್ಟೆಯ ಪುಟ್ಟ ಚೀಲದಲ್ಲಿ ಆಹಾರ ಕಟ್ಟಿ ತಾನೇ ನುಂಗಿದ. ಹೊಟ್ಟೆಯ ರಸ ತುಂಬಿದ ಸೀಸೆಯನ್ನು ಬೆಚ್ಚಗಿರಲಿ ಅಂತ ಕಂಕುಳಲ್ಲಿ ಇಟ್ಟುಕೊಂಡು ತಿರುಗಿದ. ಮನೆಯವರು ಹೇಗೆ ಸಹಿಸಿದರೋ!

1822ರಲ್ಲಿ ಅಮೆರಿಕದಲ್ಲಿ ಸೇಂಟ್ ಮಾರ್ಟಿನ್ ಅನ್ನೋ ಕೂಲಿಯ ಹೊಟ್ಟೆಗೆ ಗುಂಡು ಬಿತ್ತು. ಜೀವ ಉಳೀತು, ತೂತು ಮಾತ್ರ ಮುಚ್ಚಲಿಲ್ಲ. ಆರೈಕೆ ಮಾಡಿದ ಡಾಕ್ಟರ್ ಬ್ಯೂಮಾಂಟ್ ರೇಷ್ಮೆ ದಾರಕ್ಕೆ ಮಾಂಸದ ಚೂರು ಕಟ್ಟಿ ಆ ತೂತಿನಿಂದ ಇಳಿಬಿಡುತ್ತಿದ್ದ. ಗಂಟೆಗೊಮ್ಮೆ ಮೇಲೆಳೆದು ಎಷ್ಟು ಕರಗಿದೆ ಅಂತ ನೋಡುತ್ತಿದ್ದ.  1833ರಲ್ಲಿ ಬ್ಯೂಮಾಂಟ್ ಪುಸ್ತಕ ಬಂತು, ಕರಗೋದೇ ಖರೆ ಅಂತ ಗಟ್ಟಿಯಾಯಿತು.

ಹೊಟ್ಟೆಯಲ್ಲಿ ಕರಗಿದರಷ್ಟೇ ಸಾಲದು ಅನ್ನು. ಸಣ್ಣ ಕರುಳು ಅದನ್ನು ಹೀರಿ ರಕ್ತಕ್ಕೆ ಸೇರಿಸಬೇಕು. ಅದಕ್ಕೂ ನಮ್ಮ ಕಡೆ ಹೆಂಗಸರಲ್ಲಿ ಮಾತಿದೆ. ನಿಮ್ಮವ್ವ ನಿನಗೆ ರೊಟ್ಟಿ, ಪುಂಡಿಪಲ್ಲೆ ಬಡಿಸುತ್ತಲೇ ಬೈತಿದ್ದರಲ್ಲ, 'ಎಷ್ಟ್ ಉಂಡ್ರೂ ಈ ಹುಡುಗಗ ಮೈಗ್ ಹತ್ತವಲ್ದು' ಅಂತ.

ಈಗ ಹತ್ತಿದೆ ಬಿಡು, ಫೋಟೋ ನೋಡಿದೆ.

ನಿನ್ನ ದೋಸ್ತ