ವರ್ಕ್ ಫ್ರಮ್ ಹೋಮ್ ಕೊರೋನಾ ಕೊಟ್ಟಿದ್ದಲ್ಲ

ಸಂಪಾದಕರೇ,

ಮನೆಯಿಂದ ಕೆಲಸ ಮಾಡಿದ್ದು ಸಾಕು, ಅದೇನಿದ್ರೂ ಕೊರೋನಾ ಕಾಲಕ್ಕೆ ಸರಿ, ಇನ್ನು ಎಲ್ಲರೂ ಆಫೀಸಿಗೆ ಬನ್ನಿ ಅನ್ನುವ ಮಾತು ಈಗ ಜಾಸ್ತಿ ಕೇಳುತ್ತಿದೆ. ಹೀಗೆ ಹೇಳುವವರು ಒಮ್ಮೆ ಬ್ರಿಟನ್ನಿನಲ್ಲಿ ಸಾಫ್ಟ್‌ವೇರ್ ಕಂಪನಿ ಕಟ್ಟಿದ ಸ್ಟೀವ್ ಶರ್ಲಿ ಬಗ್ಗೆ ಓದಬೇಕು. ಹೆಸರು ನೋಡಿ ಗಂಡಸು ಅಂದುಕೊಂಡಿರಾ? ಆಕೆಗೆ ಬೇಕಿದ್ದದ್ದೂ ಅದೇ!

ನಿಜವಾದ ಹೆಸರು ಸ್ಟೆಫನಿ. ಹುಟ್ಟಿದ್ದು 1933ರಲ್ಲಿ, ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ. ತಂದೆ ಯಹೂದಿ. 1939ರಲ್ಲಿ, ಇನ್ನೂ ಐದು ವರ್ಷದ ಮಗು, ಹಿಟ್ಲರನ ಕೈಗೆ ಸಿಗಬಾರದು ಅಂತ ಅಕ್ಕನ ಜೊತೆ ರೈಲು ಹತ್ತಿಸಿ ಇಂಗ್ಲೆಂಡಿಗೆ ಕಳಿಸಿದರು. ದೊಡ್ಡವಳಾಗಿ ಲಂಡನ್ನಿನಲ್ಲಿ ಅಂಚೆ ಇಲಾಖೆಯ ಸಂಶೋಧನಾ ಕೇಂದ್ರ ಸೇರಿ ಕಂಪ್ಯೂಟರ್ ಕೆಲಸ ಕಲಿತಳು.

1962ರಲ್ಲಿ ಆರೇ ಆರು ಪೌಂಡ್ ಬಂಡವಾಳದಲ್ಲಿ ಮನೆಯಲ್ಲೇ ಕಂಪನಿ ಶುರು ಮಾಡಿದಳು, 'ಫ್ರೀಲ್ಯಾನ್ಸ್ ಪ್ರೋಗ್ರಾಮರ್ಸ್' ಅಂತ. ಆಗ ಸಾಫ್ಟ್‌ವೇರ್ ಅಂದರೆ ಮೆಷಿನ್ ಜೊತೆ ಪುಕ್ಕಟೆ ಬರುವ ವಸ್ತು. ಅದನ್ನು ದುಡ್ಡಿಗೆ ಮಾರುತ್ತೀನಿ ಅಂತ, ಅದೂ ಒಬ್ಬ ಹೆಂಗಸು, ಕಾಗದ ಬರೆದರೆ ಯಾರು ಉತ್ತರ ಕೊಡುತ್ತಾರೆ? 'ಸ್ಟೀವ್' ಅಂತ ಸಹಿ ಹಾಕಿ ನೋಡು ಅಂದದ್ದು ಗಂಡ ಡೆರೆಕ್. ಹಾಕಿದಳು, ಉತ್ತರ ಬರತೊಡಗಿತು.

ಕೆಲಸಕ್ಕೆ ತೆಗೆದುಕೊಂಡದ್ದು ಮದುವೆ, ಮಕ್ಕಳು ಅಂತ ನೌಕರಿ ಬಿಟ್ಟಿದ್ದ ಹೆಂಗಸರನ್ನು. ಕಂಪ್ಯೂಟರ್ ಮನೆಯಲ್ಲೆಲ್ಲಿ? ಪೆನ್ಸಿಲು, ಕಾಗದ, ಒಂದು ಫೋನು, ಅಷ್ಟೇ. ಮೊದಲ 300 ಜನರಲ್ಲಿ 297 ಹೆಂಗಸರು. ಕಾಂಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸ್‌ಗೆ ಪ್ರೋಗ್ರಾಂ ಬರೆದವರೂ ಹೀಗೆ ಮನೆಯಲ್ಲಿ ಕೂತವರೇ. ತಮಾಷೆ ಏನೆಂದರೆ, 1975ರಲ್ಲಿ ಗಂಡು-ಹೆಣ್ಣು ಭೇದ ಮಾಡಬಾರದು ಅಂತ ಬ್ರಿಟನ್ನಿನಲ್ಲಿ ಕಾನೂನು ಬಂತು, ಹೆಂಗಸರಿಗೇ ಮೊದಲು ಕೆಲಸ ಅನ್ನುತ್ತಿದ್ದ ಈಕೆಯೂ ಗಂಡಸರಿಗೆ ಬಾಗಿಲು ತೆರೆಯಬೇಕಾಯಿತು. ಮುಂದೆ ಕಂಪನಿಯ ಷೇರುಗಳನ್ನು ಕೆಲಸಗಾರರಿಗೂ ಹಂಚಿದಳು, ಅವರಲ್ಲಿ 70 ಜನ ಮಿಲಿಯನೇರ್ ಆದರು.

ನನಗೆ ಇದೆಲ್ಲಕ್ಕಿಂತ ಇಷ್ಟವಾದದ್ದು ಟೇಪ್ ರೆಕಾರ್ಡರ್ ವಿಷಯ. ಮನೆಗೆ ಗ್ರಾಹಕರ ಫೋನ್ ಬಂದರೆ, ಟೈಪ್‌ರೈಟರ್ ಕಟಕಟ ಸದ್ದು ತುಂಬಿಟ್ಟಿದ್ದ ಟೇಪ್ ಹಾಕಿಬಿಡುತ್ತಿದ್ದಳಂತೆ. ಆ ಕಡೆಯವರಿಗೆ ದೊಡ್ಡ ಆಫೀಸು, ಈ ಕಡೆ ಮಗುವಿನ ಗಲಾಟೆ!

ಓದಿ ನಗು ಬಂತು, ಹೊಟ್ಟೆಯೂ ಉರಿಯಿತು. ಹೋದ ವರ್ಷ ಒಂದು ಮೀಟಿಂಗ್‌ನಲ್ಲಿ ನಮ್ಮನೆ ಕುಕ್ಕರ್ ಮೂರನೇ ಸಲ ಕೂಗಿತು, ಮ್ಯೂಟ್ ಮಾಡೋಕೆ ಮರೆತಿದ್ದೆ. 'ಅಡುಗೆ ಆಯ್ತಾ ಮೇಡಂ?' ಅಂದರು ನಮ್ಮ ಮ್ಯಾನೇಜರ್, ಎಲ್ಲರೂ ನಕ್ಕರು. ಅವತ್ತು ಕಳಿಸಬೇಕಿದ್ದ ಕೋಡ್ ನಾನು ಬೆಳಿಗ್ಗೆ ಐದಕ್ಕೇ ಎದ್ದು ಕಳಿಸಿಯಾಗಿತ್ತು. ಅದನ್ನು ಮಾತ್ರ ಯಾರೂ ಕೇಳಲಿಲ್ಲ.

– ಒಬ್ಬ ಓದುಗಳು, ಬೆಂಗಳೂರು